ಆತುರ ಬೇಡ, ನಗೆ ಇರಲಿ: ಮನಸ್ಸಿನ ಮಾತ್ರೆಗಳನ್ನು ಇಳಿಸುವ ಕಾಲದ ಎಚ್ಚರಗಳು

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಕಾಯಕಕ್ಕೆ ಮೇಲು ಕೀಳೆಂಬ ಭೇದವಿರಲಿಲ್ಲ. ದೋಣಿ ನಡೆಸುವವರು, ಬಟ್ಟೆ ನೇಯುವವರು, ಹಗ್ಗ ಹೊಸೆಯುವವರು ಇದ್ದಂತೆಯೇ, ಜನರನ್ನು ನಗಿಸುವುದನ್ನೇ ಕಾಯಕವನ್ನಾಗಿ ಕೈಗೊಂಡ ಶರಣರೊಬ್ಬರೂ ಅಲ್ಲಿದ್ದರು. ಅವರೇ ನಗೆಯ ಮಾರಿತಂದೆ. ಅದೇ ಸಮೂಹದಲ್ಲಿ ರೋಗಿಗಳಿಗೆ ಮದ್ದು ನೀಡುವುದನ್ನು ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನವರೂ ಇದ್ದರು. ಮದ್ದು ಕೊಡುವ ಕೈ ಮತ್ತು ನಗಿಸುವ ಮಾತು ಒಂದೇ ಪಂಕ್ತಿಯಲ್ಲಿ ಕುಳಿತ ಪರಂಪರೆ ನಮ್ಮದು.

ಮಾರಿತಂದೆಗಳ ವಚನಗಳ ಅಂಕಿತ ‘ಆತುರವೈರಿ ಮಾರೇಶ್ವರ’ ಎಂಬುದು. ‘ಆತುರ’ ಎಂಬ ಪದಕ್ಕೆ ನಮ್ಮ ದಿನಬಳಕೆಯಲ್ಲಿ ಅವಸರವೆಂದು ಅರ್ಥ. ಸಂಸ್ಕೃತದಲ್ಲಿ ರೋಗದಿಂದ ಬಳಲುವವನೆಂಬ ಅರ್ಥವೂ ಉಂಟು. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಸಂದರ್ಭವೊಂದು ಇಂದಿನ ಅನೇಕ ಮನೆಗಳಲ್ಲಿದೆ. ಖಿನ್ನತೆ, ಆತಂಕ, ನಿದ್ರಾಹೀನತೆ ಮುಂತಾದವುಗಳಿಗಾಗಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಕಡಿಮೆ ಮಾಡುವ, ಇಲ್ಲವೇ ಬಿಡುವ ಕಾಲವದು. ಆ ಕಾಲದಲ್ಲಿ ಅವಸರವೇ ದೊಡ್ಡ ವೈರಿ. ಒಳ್ಳೆಯ ನಗೆ ಒಬ್ಬ ನಂಬಿಗಸ್ತ ಗೆಳೆಯ. ಈ ಎರಡು ಮಾತುಗಳನ್ನು ಸದ್ಭಕ್ತರಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮಾತ್ರೆ ಬಿಡುವ ಅವಸರ ಏಕೆ?

ಶಿವಮೊಗ್ಗ ನಗರವಿರಲಿ, ಭದ್ರಾವತಿಯ ಕಾರ್ಖಾನೆಯ ಬಡಾವಣೆಗಳಿರಲಿ, ಮನೋವೈದ್ಯರ ಬಳಿ ಹೋಗಲು ಹಿಂಜರಿಯುವ ಕಾಲ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯುತ್ತಿದೆ. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಬಹುಕಾಲ ದುಡಿದ ಮನೋವೈದ್ಯ ದಿವಂಗತ ಡಾ. ಕೆ. ಎ. ಅಶೋಕ್ ಪೈ ಅವರಂಥವರ ಕೊಡುಗೆ ದೊಡ್ಡದು. ಚಿಕಿತ್ಸೆಯ ಜೊತೆಗೆ ಬರಹ, ಭಾಷಣ, ಚಲನಚಿತ್ರಗಳ ಮೂಲಕವೂ ಮನಸ್ಸಿನ ಕಾಯಿಲೆಯು ಶಾಪವಲ್ಲವೆಂಬುದನ್ನು ಅವರು ಜನರಿಗೆ ಮುಟ್ಟಿಸಿದರು. ಆದರೆ ಮಾತ್ರೆ ಆರಂಭಿಸುವ ಧೈರ್ಯ ಬಂದಷ್ಟು ಸುಲಭವಾಗಿ, ಅದನ್ನು ಕ್ರಮಬದ್ಧವಾಗಿ ಮುಗಿಸುವ ತಿಳಿವಳಿಕೆ ಬಂದಿಲ್ಲ.

ಕೆಲವರು ಗುಣ ಕಂಡೊಡನೆ ಬಿಡುತ್ತಾರೆ. ಕೆಲವರು ‘ಹುಚ್ಚಿನ ಮಾತ್ರೆ’ ಎಂಬ ನೆಂಟರ ಮಾತಿಗೆ ನಾಚಿ ಬಿಡುತ್ತಾರೆ. ಮಗಳ ಮದುವೆಯ ಮಾತುಕತೆ ನಡೆಯುವಾಗ ಡಬ್ಬಿಯನ್ನೇ ಬಚ್ಚಿಡುವವರಿದ್ದಾರೆ. ಇನ್ನು ಕೆಲವರು ಶ್ರಾವಣ ಮಾಸದ ಪ್ರವಚನ ಕೇಳಿ, ಮನಸ್ಸು ಹಗುರವಾಯಿತು, ಇನ್ನು ಮಾತ್ರೆ ಏಕೆ ಎಂದು ತಾವೇ ತೀರ್ಮಾನಿಸುತ್ತಾರೆ. ಪ್ರವಚನದಿಂದ ಮನಸ್ಸು ಹಗುರವಾಗುವುದು ನಿಜ. ಅದು ಆಗಬೇಕಾದದ್ದೂ ಹೌದು. ಆದರೆ ಸಕ್ಕರೆ ಕಾಯಿಲೆಯವರು ಪ್ರವಚನ ಕೇಳಿದ ಮಾತ್ರಕ್ಕೆ ಇನ್ಸುಲಿನ್ ಬಿಡುವುದಿಲ್ಲವಷ್ಟೆ. ಮಿದುಳೂ ದೇಹದ ಒಂದು ಅಂಗ. ಅಂಗವನ್ನು ಅಲಕ್ಷಿಸಿ ಲಿಂಗವನ್ನು ಒಲಿಸಿಕೊಳ್ಳುವುದು ಶರಣರ ಮಾರ್ಗವಲ್ಲ.

ಥಟ್ಟನೆ ಬಿಟ್ಟರೆ ಏನಾಗುತ್ತದೆ?

ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂದು ಔಷಧಿ ಒಳಗೆ ಹೋಗುತ್ತಿದ್ದರೆ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಊರುಗೋಲು ಹಿಡಿದು ನಡೆಯುವವನ ದೇಹವು ಭಾರವನ್ನು ಆ ಕಡೆಗೆ ವಾಲಿಸಿಕೊಳ್ಳುವಂತೆ ಇದು. ಕೋಲನ್ನು ಒಮ್ಮೆಲೇ ಕಿತ್ತುಕೊಂಡರೆ, ಕಾಲು ಗುಣವಾಗಿದ್ದರೂ ಮನುಷ್ಯ ಮುಗ್ಗರಿಸುತ್ತಾನೆ. ಈ ಮುಗ್ಗರಿಕೆಯನ್ನೇ ವೈದ್ಯರು ‘ಹಿಂತೆಗೆತದ ಲಕ್ಷಣಗಳು’ ಎಂದು ಕರೆಯುತ್ತಾರೆ.

ಖಿನ್ನತೆಯ ಮಾತ್ರೆಗಳನ್ನು ನಿಲ್ಲಿಸಿದಾಗ ತಲೆಸುತ್ತು, ಹೊಟ್ಟೆ ತೊಳಸುವಿಕೆ, ಸಿಡುಕು, ಕಾರಣವಿಲ್ಲದ ಅಳು, ನಿದ್ದೆಗೇಡು, ಎಚ್ಚರವಾದ ಮೇಲೂ ಮಾಸದಂಥ ವಿಚಿತ್ರ ಕನಸುಗಳು ಕಾಣಿಸಿಕೊಳ್ಳಬಹುದು. ತಲೆಯೊಳಗೆ ಕ್ಷಣಮಾತ್ರ ಕರೆಂಟು ಹೊಡೆದಂತಾಗುವುದು ಇವುಗಳಲ್ಲೆಲ್ಲ ವಿಚಿತ್ರವಾದ ಲಕ್ಷಣ. ದೇಹದಿಂದ ಬೇಗ ಹೊರಹೋಗುವ ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥ ಔಷಧಿಗಳಲ್ಲಿ ಈ ತೊಂದರೆ ಹೆಚ್ಚು. ವಾರಗಳ ಕಾಲ ದೇಹದಲ್ಲಿ ಉಳಿಯುವ ಫ್ಲುವಾಕ್ಸೆಟಿನ್‌ನಲ್ಲಿ ಕಡಿಮೆ.

ಎಷ್ಟು ಜನರಿಗೆ ಹೀಗಾಗುತ್ತದೆ? ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಖಿನ್ನತೆಯ ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಇಂಥ ಲಕ್ಷಣಗಳನ್ನು ಹೇಳಿಕೊಂಡರು. ಔಷಧಿಯಿಲ್ಲದ ಬರಿಯ ಹುಸಿ ಗುಳಿಗೆಯನ್ನು ನಿಲ್ಲಿಸಿದವರಲ್ಲಿಯೂ ಶೇ. 17ರಷ್ಟು ಜನ ಹಾಗೆಯೇ ಹೇಳಿದ್ದರು. ಅದನ್ನು ಕಳೆದರೆ ಆರೇಳು ಜನರಲ್ಲಿ ಒಬ್ಬರಿಗೆ ಔಷಧಿಯ ಕಾರಣದಿಂದಲೇ ತೊಂದರೆಯಾಗುತ್ತದೆಂದು ಲೆಕ್ಕ. ತೀವ್ರವಾದ ತೊಂದರೆ ಶೇ. 3ರ ಆಸುಪಾಸಿನದು. ಎಲ್ಲರಿಗೂ ಆಗುತ್ತದೆಂಬ ಭಯವೂ ಬೇಡ, ಯಾರಿಗೂ ಆಗುವುದಿಲ್ಲವೆಂಬ ಉದಾಸೀನವೂ ಬೇಡ.

ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂ, ಕ್ಲೋನಾಜೆಪಾಂ, ಡಯಾಜೆಪಾಂ ಗುಂಪಿನ ಮಾತ್ರೆಗಳ ವಿಷಯ ಇನ್ನೂ ಗಂಭೀರ. ಬಹುದಿನ ತೆಗೆದುಕೊಂಡವರು ಇವನ್ನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ವಿಪರೀತ ಆತಂಕಗಳ ಜೊತೆಗೆ ಫಿಟ್ಸ್ ಕೂಡ ಬರಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಲಿಥಿಯಂ ಹಾಗೂ ಮನೋವಿಕಲತೆಯ ಔಷಧಿಗಳನ್ನು ಥಟ್ಟನೆ ಬಿಟ್ಟರೆ ಮೂಲ ಕಾಯಿಲೆಯೇ ರಭಸದಿಂದ ಮರಳುವ ಸಾಧ್ಯತೆ ಹೆಚ್ಚು. ಇಂಥ ಕಾಯಿಲೆಗಳಲ್ಲಿ ಕೆಲವರಿಗೆ ಮಾತ್ರೆ ಬಹುಕಾಲ ಬೇಕಾಗಬಹುದು. ಅದು ಸೋಲಲ್ಲ, ಕಣ್ಣಿಗೆ ಕನ್ನಡಕ ಬೇಕಾದಂತೆ.

ಮರಳಿದ್ದು ಕಾಯಿಲೆಯೋ, ಇಳಿಕೆಯ ತೊಂದರೆಯೋ?

ಮಾತ್ರೆ ಇಳಿಸಿದ ಕೆಲವೇ ದಿನಗಳಲ್ಲಿ ತೊಂದರೆ ಶುರುವಾದರೆ, ತಲೆಸುತ್ತು, ಕರೆಂಟು ಹೊಡೆದಂಥ ಅನುಭವ ಮುಂತಾಗಿ ಮೊದಲು ಕಾಯಿಲೆಯಿದ್ದಾಗ ಇಲ್ಲದ ಲಕ್ಷಣಗಳು ಕಂಡರೆ, ಹಳೆಯ ಪ್ರಮಾಣಕ್ಕೆ ಮರಳಿದೊಡನೆ ಅವು ಬೇಗ ಶಮನವಾದರೆ, ಅದು ಹೆಚ್ಚಾಗಿ ಹಿಂತೆಗೆತ. ವಾರಗಳು, ತಿಂಗಳುಗಳು ಕಳೆದ ಮೇಲೆ ಹಳೆಯ ನಿರಾಸಕ್ತಿ, ಹಳೆಯ ದುಃಖ, ಹಳೆಯ ಸೋಲಿನ ಭಾವ ಮೆಲ್ಲನೆ ಮರಳಿ ಬಂದರೆ ಅದು ಹೆಚ್ಚಾಗಿ ಕಾಯಿಲೆಯ ಮರುಕಳಿಕೆ. ಎರಡೂ ಬೆರೆಯುವುದುಂಟು. ಆದ್ದರಿಂದ ಅಂತಿಮ ನಿರ್ಣಯ ವೈದ್ಯರದು. ಮನೆಯವರ ಕರ್ತವ್ಯವೆಂದರೆ ಯಾವ ದಿನ ಏನು ಕಂಡಿತೆಂಬುದನ್ನು ಬರೆದಿಟ್ಟುಕೊಂಡು ಹೋಗಿ ತೋರಿಸುವುದು.

ಮರುಕಳಿಕೆ ಬರಿಯ ಊಹೆಯ ಮಾತಲ್ಲ. ಇಂಗ್ಲೆಂಡಿನಲ್ಲಿ ದೀರ್ಘಕಾಲ ಖಿನ್ನತೆಯ ಮಾತ್ರೆ ಸೇವಿಸಿ ಗುಣವಾಗಿದ್ದ 478 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಶೇ. 39ರಷ್ಟು ಜನರಿಗೆ ಕಾಯಿಲೆ ಮರಳಿತು; ಕ್ರಮವಾಗಿ ಇಳಿಸಿ ಬಿಟ್ಟವರಲ್ಲಿ ಶೇ. 56ರಷ್ಟು ಜನರಿಗೆ. ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿದರೆ, ಬಿಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ವರ್ಷ ಚೆನ್ನಾಗಿಯೇ ಇದ್ದರು. ಬಿಡಬಹುದೇ, ಯಾವಾಗ, ಹೇಗೆ ಎಂಬುದನ್ನು ಒಬ್ಬೊಬ್ಬರ ಕಾಯಿಲೆಯ ಚರಿತ್ರೆ ನೋಡಿಯೇ ತೀರ್ಮಾನಿಸಬೇಕೆಂಬುದಕ್ಕೆ ಇದೇ ಕಾರಣ.

ಇಳಿಯುವ ಮೆಟ್ಟಿಲುಗಳು

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವೈದ್ಯೆ ಹೆದರ್ ಆಷ್ಟನ್ ಅವರು 1982ರಿಂದ 1994ರವರೆಗೆ ನಿದ್ದೆ ಮತ್ತು ಆತಂಕದ ಮಾತ್ರೆಗಳನ್ನು ಬಿಡಬಯಸುವವರಿಗಾಗಿಯೇ ಒಂದು ಚಿಕಿತ್ಸಾಲಯ ನಡೆಸಿದರು. ರೋಗಿಯ ದೇಹ ಒಪ್ಪುವ ವೇಗದಲ್ಲಿ ನಿಧಾನವಾಗಿ ಇಳಿಸುವುದೇ ಅವರು ಕಲಿಸಿದ ಪಾಠ. ಖಿನ್ನತೆಯ ಮಾತ್ರೆಗಳ ವಿಷಯದಲ್ಲಿ ಮಾರ್ಕ್ ಹೊರೊವಿಟ್ಸ್ ಮತ್ತು ಡೇವಿಡ್ ಟೇಲರ್ ಎಂಬ ವೈದ್ಯವಿಜ್ಞಾನಿಗಳು 2019ರಲ್ಲಿ ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿದರು. ಮಾತ್ರೆಯ ಅಳತೆಯೂ ಮಿದುಳಿನ ಮೇಲಿನ ಪರಿಣಾಮವೂ ಒಂದೇ ಸಮನಾಗಿ ಇಳಿಯುವುದಿಲ್ಲ. 20 ಮಿಲಿಗ್ರಾಂನಿಂದ 10ಕ್ಕೆ ಇಳಿಸಿದಾಗ ಪರಿಣಾಮ ಸ್ವಲ್ಪವೇ ತಗ್ಗುತ್ತದೆ; 5ರಿಂದ ಸೊನ್ನೆಗೆ ಇಳಿಸುವುದು ಮಿದುಳಿನ ಪಾಲಿಗೆ ಬಹುದೊಡ್ಡ ಮೆಟ್ಟಿಲು. ಆದ್ದರಿಂದ ಕೆಳಗಿಳಿದಂತೆಲ್ಲ ಹೆಜ್ಜೆ ಚಿಕ್ಕದಾಗಬೇಕು. ‘ಇಷ್ಟೇ ಇಷ್ಟು ಚೂರು ಉಳಿದಿದೆ, ಇದನ್ನೇನು ಬಿಡುವುದು ಕಷ್ಟ’ ಎಂದು ಕೊನೆಯ ಚೂರನ್ನು ಹಗುರವಾಗಿ ಎಣಿಸುವವರು ಇದನ್ನು ನೆನಪಿಡಬೇಕು.

ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು, ಮನೆಯಲ್ಲೇ ಮನಬಂದಂತೆ ತುಂಡರಿಸುವುದು ಸಲ್ಲದು. ಕೆಲವು ಮಾತ್ರೆಗಳನ್ನು ತುಂಡು ಮಾಡಲೇಬಾರದು. ಮದುವೆ, ಗೃಹಪ್ರವೇಶ, ಮಕ್ಕಳ ಪರೀಕ್ಷೆ, ಸಾವಿನ ಶೋಕದಂಥ ಸಮಯದಲ್ಲಿ ಇಳಿಕೆ ಆರಂಭಿಸುವುದೂ ಉಚಿತವಲ್ಲ.

ನಗೆ ಮಾಡುವುದೇನು, ಮಾಡದಿರುವುದೇನು?

ಇಳಿಕೆಯ ಈ ದಿನಗಳು ದೀರ್ಘವಾದವು. ಕೆಲವರಿಗೆ ತಿಂಗಳುಗಟ್ಟಲೆ ನಡೆಯುವಂಥವು. ಅವುಗಳನ್ನು ಹಲ್ಲು ಕಚ್ಚಿಕೊಂಡೇ ದಾಟಬೇಕೆಂದೇನೂ ಇಲ್ಲ. ನಗೆಯ ಕಾಯಕ ಆರಂಭವಾಗುವುದು ಇಲ್ಲಿಂದ.

ನಗೆ ಹಿಂತೆಗೆತವನ್ನು ಗುಣಪಡಿಸುತ್ತದೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ಯಾರಾದರೂ ‘ನಗುನಗುತ್ತಾ ಇರಿ, ಮಾತ್ರೆ ಬೇಡ’ ಎಂದರೆ ಆ ಮಾತನ್ನು ನಂಬಬಾರದು. ಆದರೆ ಸಂಕಟ ಅಷ್ಟೇ ಇದ್ದರೂ ಅದನ್ನು ಹೊರುವ ಬೆನ್ನು ಬಲವಾಗುವುದಕ್ಕೆ ನಗೆ ನೆರವಾಗುತ್ತದೆ. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಬೆನ್ನುಮೂಳೆಯ ತೀವ್ರ ನೋವಿನಿಂದ ಬಳಲುತ್ತಿದ್ದಾಗ, ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತೆಂದು ಬರೆದುಕೊಂಡರು. ಅವರ ಪುಸ್ತಕ 1979ರಲ್ಲಿ ಹೊರಬಂದಿತು. ಅದು ಒಬ್ಬರ ಅನುಭವ ಮಾತ್ರ. ಮುಂದೆ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಾಲ್ಕು ಜನರೊಡನೆ ಕೂಡಿ ಮನಸಾರೆ ನಕ್ಕವರ ನೋವು ತಾಳುವ ಶಕ್ತಿ ಹೆಚ್ಚಿದ್ದು ಕಂಡುಬಂದಿತು. ದೇಹವೇ ಸ್ರವಿಸುವ ಎಂಡಾರ್ಫಿನ್ ಎಂಬ ನೋವುಶಾಮಕ ಇದಕ್ಕೆ ಕಾರಣವೆಂದು ಅವರ ವಿವರಣೆ. ಒಂಟಿಯಾಗಿರುವಾಗಿಗಿಂತ ಜೊತೆಯಲ್ಲಿರುವಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ರಾಬರ್ಟ್ ಪ್ರೊವಿನ್ ಎಂಬ ವಿಜ್ಞಾನಿ ತೋರಿಸಿದರು. ನಗೆಯ ಮದ್ದು ಇರುವುದು ಚುಟುಕಿನಲ್ಲಿ ಅಲ್ಲ, ಜೊತೆಗಾರರಲ್ಲಿ ಎಂದು ಇದರಿಂದ ತಿಳಿಯಬಹುದು.

ನಾಜಿಗಳ ಸೆರೆಶಿಬಿರದಲ್ಲಿ ನರಳಿದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್, ಅಲ್ಲಿ ತಾವೂ ಒಬ್ಬ ಗೆಳೆಯನೂ ದಿನಕ್ಕೊಂದು ನಗೆಯ ಕಥೆ ಕಟ್ಟುವ ನಿಯಮ ಹಾಕಿಕೊಂಡಿದ್ದನ್ನು ಹೇಳಿದ್ದಾರೆ. ಕಷ್ಟ ಅಲ್ಲಿಯೇ ಇತ್ತು. ಆದರೆ ನಕ್ಕ ಆ ಕೆಲವು ಕ್ಷಣ ಅವರು ಕಷ್ಟದ ಒಳಗಿರದೆ, ಅದರಿಂದ ಒಂದು ಮಾರು ದೂರ ನಿಂತು ಅದನ್ನು ನೋಡಬಲ್ಲವರಾಗಿದ್ದರು. ಸಾಕ್ಷಿಯಾಗಿ ನಿಲ್ಲುವುದೆಂದು ನಮ್ಮ ಹಿರಿಯರು ಹೇಳುವುದಕ್ಕೆ ಇದು ಹತ್ತಿರವಾದ ಸ್ಥಿತಿ.

ಕನ್ನಡದಲ್ಲಿ ಈ ಎರಡು ಹೊಳೆಗಳನ್ನು ಒಂದೇ ಬಾಳಿನಲ್ಲಿ ಹರಿಸಿದವರು ‘ರಾಶಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ. ವೃತ್ತಿಯಿಂದ ವೈದ್ಯರಾದ ಅವರು 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿ 25 ವರ್ಷ ನಡೆಸಿದರು. ಅವರೇ ಮನಸ್ಸಿನ ರೋಗಗಳ ಬಗ್ಗೆ ಬರೆದ ‘ಮನಮಂಥನ’ ಎಂಬ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಾಡನ್ನು ನಗಿಸಿದ ವೈದ್ಯರು ಮನೋರೋಗಕ್ಕೆ ನಗೆಯೊಂದೇ ಸಾಕೆನ್ನಲಿಲ್ಲ; ಮನಸ್ಸಿನ ರೋಗವನ್ನು ಶಾಸ್ತ್ರವಾಗಿ ಬಲ್ಲವರು ನಗೆಯನ್ನು ಬಿಡಲೂ ಇಲ್ಲ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಮುಂದೆ ಹರಿಯುವಂತೆ ಮದ್ದು ಮತ್ತು ನಗೆ ಸೇರಿಯೇ ಹರಿಯಬೇಕು.

ನಾಲ್ಕು ಬಗೆಯ ನಗೆ

ಎಲ್ಲ ನಗೆಯೂ ಮದ್ದಲ್ಲ. ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯದಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು: ಜನರನ್ನು ಬೆಸೆಯುವ ನಗೆ, ತನ್ನನ್ನು ತಾನೇ ಎತ್ತಿ ನಿಲ್ಲಿಸುವ ನಗೆ, ಇನ್ನೊಬ್ಬರನ್ನು ಚುಚ್ಚುವ ನಗೆ, ತನ್ನನ್ನು ತಾನೇ ತುಳಿಯುವ ನಗೆ. ಮೊದಲೆರಡು ಆರೋಗ್ಯಕ್ಕೆ ಹಿತ, ಉಳಿದೆರಡು ಅಹಿತ. ಇದನ್ನು ತಿಳಿಯಲು ಭದ್ರಾವತಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಕಾಗದದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಯಜಮಾನರಿಗೆ ಕಾರ್ಖಾನೆ ನಿಂತ ಮೇಲೆ ಖಿನ್ನತೆ ಆವರಿಸಿತ್ತು. ಚಿಕಿತ್ಸೆಯಿಂದ ಗುಣವಾಗಿ, ಈಗ ಶಿವಮೊಗ್ಗದ ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ.

ಒಂದು ಬೆಳಗ್ಗೆ ಅವರು ಮಗಳನ್ನು ಕರೆದು, ‘ಪುಟ್ಟೀ, ಇವತ್ತು ಮೆಸ್ಕಾಂನವರು ನನ್ನ ತಲೆಯೊಳಗೇ ಲೈನು ಎಳೀತಿದ್ದಾರೆ ಕಣೆ’ ಎನ್ನುತ್ತಾರೆ. ‘ಹಾಗಾದರೆ ಬಿಲ್ಲು ಯಾರಿಗೆ ಬರುತ್ತೆ ಅಪ್ಪಾಜಿ?’ ‘ಡಾಕ್ಟ್ರಿಗೇ ಹೋಗಲಿ ಬಿಡು, ಲೈನು ಹಾಕಿಸಿದ್ದು ಅವರೇ ತಾನೆ!’ ಇಬ್ಬರೂ ನಗುತ್ತಾರೆ. ಇದು ಎತ್ತಿ ನಿಲ್ಲಿಸುವ ನಗೆ. ಲಕ್ಷಣಕ್ಕೆ ಒಂದು ಹೆಸರು ಸಿಕ್ಕಿತು, ಹೆಸರು ಸಿಕ್ಕಿದೊಡನೆ ಅದರ ಭಯ ಅರ್ಧವಾಯಿತು. ಮಗಳು ಅಲ್ಲಿಗೆ ನಿಲ್ಲದೆ ದಿನಚರಿ ಪುಸ್ತಕ ತೆಗೆದು, ‘ಬೆಳಗ್ಗೆ, ಕರೆಂಟು ಹೊಡೆದಂತೆ, ನಾಲ್ಕು ಬಾರಿ’ ಎಂದು ಬರೆದಿಡುತ್ತಾಳೆ. ನಕ್ಕ ಮಾತೇ ವೈದ್ಯರಿಗೆ ಬೇಕಾದ ಮಾಹಿತಿಯೂ ಆಯಿತು.

ಸಂಜೆ ಎಲ್ಲರೂ ರೊಟ್ಟಿ ತಟ್ಟುವ ಒಲೆಯ ಬಳಿ ಕುಳಿತು, ಹಿಂದೊಮ್ಮೆ ಶಿವಮೊಗ್ಗದ ಬಸ್ಸೆಂದು ತಿಳಿದು ತರೀಕೆರೆಯ ಬಸ್ಸು ಹತ್ತಿದ ಚಿಕ್ಕಪ್ಪನ ಕಥೆಯನ್ನು ನೂರನೆಯ ಬಾರಿ ಹೇಳಿ ನಗುತ್ತಾರೆ. ಚಿಕ್ಕಪ್ಪನೂ ಅವರೊಡನೆ ನಗುತ್ತಾನೆ. ಇದು ಬೆಸೆಯುವ ನಗೆ. ಇಲ್ಲಿ ಕಾಯಿಲೆಯ ಮಾತೇ ಇಲ್ಲ. ರೋಗಿ ಎಂಬವನೂ ಇಲ್ಲ. ಅಷ್ಟು ಹೊತ್ತು ಆ ಮನೆಯಲ್ಲಿ ಯಜಮಾನರು ಬರಿಯ ಯಜಮಾನರು.

ಮದುವೆಯ ಮನೆಯಲ್ಲಿ ನೆಂಟರೊಬ್ಬರು ಹತ್ತು ಜನರ ಮುಂದೆ, ‘ಏನ್ರೀ, ಇವತ್ತಿನ ಮಾತ್ರೆ ನುಂಗಿದಿರೋ ಇಲ್ಲವೋ? ಹೇಳಿಬಿಡಿ, ನಾವು ಸ್ವಲ್ಪ ದೂರ ಕೂರುತ್ತೇವೆ’ ಎನ್ನುತ್ತಾರೆ. ಪಂಕ್ತಿಯೆಲ್ಲ ನಗುತ್ತದೆ. ಇದು ಚುಚ್ಚುವ ನಗೆ. ಇಂಥ ಒಂದು ಮಾತಿಗೆ ನೊಂದು ಅಂದೇ ಮಾತ್ರೆಯನ್ನು ಎಸೆದವನಿಗೆ ಮುಂದಾಗುವ ಅನಾಹುತದಲ್ಲಿ ನಕ್ಕವರೆಲ್ಲರ ಪಾಲೂ ಇರುತ್ತದೆ. ಪಂಕ್ತಿಯಲ್ಲಿರುವ ಹಿರಿಯರೊಬ್ಬರು, ‘ಬಿ.ಪಿ. ಮಾತ್ರೆ ನುಂಗುವ ನನ್ನಿಂದಲೂ ದೂರ ಕೂರ್ತೀರಾ?’ ಎಂದು ಮೆಲ್ಲನೆ ಕೇಳಿದರೆ ಸಾಕು, ಆ ನಗೆಗೆ ಅಲ್ಲಿಯೇ ಕಡಿವಾಣ ಬೀಳುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಹಾಸ್ಯದಂತೆಯೇ ಕೇಳಿಸುತ್ತದೆ. ಯಜಮಾನರು ಊಟಕ್ಕೆ ಕುಳಿತಾಗ, ‘ನಾನೊಂದು ಹಳೇ ಗುಜರಿ ಕಣ್ರಯ್ಯ, ತೂಕಕ್ಕೆ ಹಾಕಿಬಿಡಿ, ನಿಮಗೂ ನಾಲ್ಕು ಕಾಸು ಸಿಗುತ್ತೆ’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಅವರೂ ನಗುತ್ತಾರೆ. ಒಮ್ಮೆ ಹೇಳಿದರೆ ಅದು ಹಾಸ್ಯವಿರಬಹುದು. ದಿನವೂ ಅದೇ ಧಾಟಿ, ‘ನಾನಿಲ್ಲದಿದ್ದರೆ ನಿಮಗೇ ಆರಾಮ’ ಎಂಬ ಅದೇ ಕೊನೆ ಇದ್ದರೆ, ಅದು ನಗೆಯ ಬಟ್ಟೆ ತೊಟ್ಟ ಹತಾಶೆ. ಆಗ ನಗದೆ ಬಳಿಗೆ ಹೋಗಿ ಕೂರಬೇಕು. ‘ಮನಸ್ಸಿಗೆ ತುಂಬಾ ಕಷ್ಟವಾಗ್ತಿದೆಯಾ? ಬದುಕೇ ಬೇಡ ಅನ್ನಿಸ್ತಿದೆಯಾ?’ ಎಂದು ನೇರವಾಗಿ, ಪ್ರೀತಿಯಿಂದ ಕೇಳಬೇಕು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವ ಯೋಚನೆಗೆ ಬಾಯಿ ಸಿಗುತ್ತದೆ, ಜೀವ ಉಳಿಯಲು ದಾರಿಯಾಗುತ್ತದೆ.

ದಿನನಿತ್ಯದ ನಿಯಮ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿದ್ದಾನೆ. ಬಳಲಿದ ಮನಸ್ಸಿಗೆ ಮೊದಲನೆಯ ಮೆಟ್ಟಿಲಾದ ಸ್ಮಿತವೇ, ಅಂದರೆ ಹಲ್ಲು ಕಾಣದ ಮುಗುಳ್ನಗೆಯೇ ಸಾಕು. ‘ಎಲ್ಲಿ, ಜೋರಾಗಿ ನಗು ನೋಡೋಣ’ ಎಂದು ಒತ್ತಾಯಿಸಬಾರದು. ಅಳು ಬಂದ ದಿನ ಅಳುವುದಕ್ಕೂ ಮನೆಯಲ್ಲಿ ಜಾಗವಿರಬೇಕು. ಈ ಎಚ್ಚರದೊಡನೆ ಕೆಲವು ನಿಯಮಗಳನ್ನು ರೂಢಿಸಿಕೊಳ್ಳಬಹುದು.

1. ಮಾತ್ರೆಯ ಹೊತ್ತನ್ನು ಇಷ್ಟಲಿಂಗ ಪೂಜೆಯ ಹೊತ್ತಿಗೆ ಜೋಡಿಸಿಕೊಳ್ಳಿ. ವೈದ್ಯರು ಹೇಳಿದ ಅಳತೆ, ಹೇಳಿದ ಸಮಯ ತಪ್ಪುವುದಿಲ್ಲ.

2. ದಿನಚರಿ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಒಂದು, ಇಂದಿನ ತೊಂದರೆ. ಇನ್ನೊಂದು, ಇಂದು ನಗು ತಂದ ಸಂಗತಿ. ಎರಡನೆಯ ಸಾಲು ವಾರಗಟ್ಟಲೆ ಖಾಲಿಯೇ ಉಳಿದರೆ ಅದನ್ನೂ ವೈದ್ಯರಿಗೆ ತೋರಿಸಿ. ಖಿನ್ನತೆ ಮರಳುತ್ತಿರುವುದರ ಮೊದಲ ಸೂಚನೆ ಅದಾಗಿರಬಹುದು.

3. ರಾತ್ರಿ ಮಲಗುವ ಮುನ್ನ ಕೆರಳಿಸುವ ಸುದ್ದಿ, ಮೊಬೈಲಿನ ಜಗಳಗಳನ್ನು ಬದಿಗಿಡಿ. ಬೀಚಿಯವರದೋ, ರಾಶಿಯವರದೋ ಒಂದು ಪುಟ ಓದಿಸಿ ಕೇಳಿ. ಯಕ್ಷಗಾನದ ಹಾಸ್ಯಗಾರನ ಒಂದು ಪ್ರಸಂಗ ಕೇಳಿದರೂ ಆಗುತ್ತದೆ. ಆದರೆ ನಿದ್ದೆಯ ಹೊತ್ತು ಮೀರಬಾರದು.

4. ಬೆಳಗಿನ ನಡಿಗೆಗೆ ಜೊತೆಗಾರರಿರಲಿ. 1995ರ ಮಾರ್ಚ್‌ನಲ್ಲಿ ಮುಂಬಯಿಯ ಉದ್ಯಾನವೊಂದರಲ್ಲಿ ಡಾ. ಮದನ್ ಕಟಾರಿಯಾ ಐದು ಜನರೊಡನೆ ಆರಂಭಿಸಿದ ನಗೆಕೂಟ ಇಂದು ಜಗತ್ತಿನಾದ್ಯಂತ ಹರಡಿದೆ. ಇಷ್ಟವಿದ್ದವರು ಅಂಥ ಕೂಟ ಸೇರಬಹುದು. ಹರ್ನಿಯಾ, ಫಿಟ್ಸ್, ಹೃದ್ರೋಗ ಉಳ್ಳವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ರಭಸದ ನಗೆಯ ವ್ಯಾಯಾಮ ಮಾಡಬಾರದು.

5. ನೋವನ್ನು ನಗೆಯಿಂದ ಮುಚ್ಚಬಾರದು. ವೈದ್ಯರ ಮುಂದೆ ‘ಎಲ್ಲ ಚೆನ್ನಾಗಿದೆ’ ಎಂದು ನಕ್ಕು ಎದ್ದು ಬರುವುದು ನಮ್ಮಲ್ಲಿ ಸೌಜನ್ಯವೆನಿಸಿಕೊಂಡಿದೆ. ಚಿಕಿತ್ಸೆಗೆ ಅದು ಅಡ್ಡಿ.

6. ಇಳಿಕೆ ಸಾಲದೆ ಮತ್ತೆ ಹಳೆಯ ಪ್ರಮಾಣಕ್ಕೆ ಏರಿಸಬೇಕಾಗಿ ಬಂದರೆ ಅದನ್ನು ಸೋಲೆಂದು ಎಣಿಸಬೇಡಿ. ಬೆಟ್ಟ ಇಳಿಯುವವನು ಜಾರುವ ಕಡೆ ಒಂದು ಹೆಜ್ಜೆ ಹಿಂದಕ್ಕಿಡುವುದು ಜಾಣತನ.

ನಗೆಯೇ ಅಪಾಯದ ಸೂಚನೆಯಾದಾಗ

ಇದ್ದಕ್ಕಿದ್ದಂತೆ ಮಿತಿಮೀರಿದ ಉಲ್ಲಾಸ, ತಡೆಯಿಲ್ಲದ ನಗು ಮತ್ತು ಮಾತು, ಎರಡು ಮೂರು ಗಂಟೆಯಷ್ಟೇ ನಿದ್ದೆ ಮಾಡಿದರೂ ದಣಿವಿಲ್ಲದಿರುವುದು, ಕೈಬಿಚ್ಚಿ ಖರ್ಚು, ತನಗೆ ವಿಶೇಷ ಶಕ್ತಿ ಬಂದಿದೆಯೆಂಬ ಭಾವನೆ ಇವು ಒಟ್ಟಾಗಿ ಕಂಡರೆ ಅದು ಆನಂದವಲ್ಲ. ಉನ್ಮಾದವೆಂಬ ಕಾಯಿಲೆಯ ಲಕ್ಷಣ. ‘ಎಷ್ಟು ದಿನಗಳ ಮೇಲೆ ನಗುತ್ತಿದ್ದಾರೆ’ ಎಂದು ಸಂತೋಷಪಟ್ಟು ಕೂರದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಫಿಟ್ಸ್, ಪ್ರಜ್ಞೆ ಮಸುಕಾಗುವುದು, ಇಲ್ಲದ್ದನ್ನು ಕಾಣುವುದು ಅಥವಾ ಕೇಳುವುದು, ಸಾಯುವ ಮಾತು ಇವುಗಳಲ್ಲಿ ಯಾವುದು ಕಂಡರೂ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಶಿವಮೊಗ್ಗದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರ ಸೇವೆಗೆ ವ್ಯವಸ್ಥೆಯಿದೆ. ಭದ್ರಾವತಿಯವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಿನ ವಿಚಾರಿಸಿಕೊಳ್ಳಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ದೇವರ ಜಗುಲಿಯ ಪಕ್ಕದ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ನಗೆಯ ಮಾರಿತಂದೆಗಳು ನಗಿಸುವುದನ್ನು ಕಾಲಕ್ಷೇಪಕ್ಕಾಗಿ ಕೈಗೊಳ್ಳಲಿಲ್ಲ, ಕಾಯಕವೆಂದು ಕೈಗೊಂಡರು. ಕಾಯಕದಲ್ಲಿ ಸಮಯಪ್ರಜ್ಞೆಯಿದೆ, ಎದುರಿನವರ ಹಿತವಿದೆ, ತಾಳ್ಮೆಯಿದೆ. ಮಾತ್ರೆ ಇಳಿಸುತ್ತಿರುವ ಜೀವವೊಂದು ನಿಮ್ಮ ಮನೆಯಲ್ಲಿದ್ದರೆ, ಅವರೊಡನೆ ದಿನಕ್ಕೊಮ್ಮೆ ಮನಬಿಚ್ಚಿ ನಗುವುದೂ ಒಂದು ದಾಸೋಹವೆಂದು ತಿಳಿಯಿರಿ. ಅವರನ್ನು ನೋಡಿ ನಗುವವರಿಗೆ ಅಡ್ಡ ನಿಲ್ಲಿ. ಅವರ ನಗೆಯ ಹಿಂದೆ ನೋವಿದೆಯೇ ಎಂದು ಕಿವಿಗೊಟ್ಟು ಕೇಳಿ. ವೈದ್ಯರು ಹಾಕಿಕೊಟ್ಟ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರದೆ, ಅವರ ಕೈಹಿಡಿದು ಇಳಿಸಿ. ಎಲ್ಲರ ಮನಸ್ಸಿಗೂ ಆರೋಗ್ಯ ಲಭಿಸಲಿ.